ಅತ್ತೆ ಜಮಖಾನ ಹಾಸಿದ ಬುಧವಾರ

ಪೂಜ್ಯ ಅತ್ತೆಯವರಿಗೆ, ಕಿರಿಯ ಅಳಿಯ ರಘು ಮಾಡುವ ನಮಸ್ಕಾರಗಳು.

ನಿಮಗೆ ನೇರವಾಗಿ ಬರೆಯುತ್ತಿದ್ದೇನೆ, ಅದಕ್ಕೆ ಮೊದಲು ಕ್ಷಮಿಸಬೇಕು. ಮದುವೆಯಾಗಿ ಹನ್ನೊಂದು ವರ್ಷ ನಾವಿಬ್ಬರೂ ಸುಮಾಳ ಮೂಲಕವೇ ಮಾತಾಡಿದವರು. ಅಳಿಯನ ಎದುರು ನಿಂತು ಮಾತಾಡಬಾರದೆಂಬುದು ನಿಮ್ಮ ತಾಯಿಯ ಕಾಲದ ಪದ್ಧತಿ. ಅದನ್ನು ನೀವು ಮೈಸೂರಿನಿಂದ ಮಿಷಿಗನ್‌ವರೆಗೂ ಜೋಪಾನವಾಗಿ ತಂದಿರಿ. ನಮ್ಮ ಅಡುಗೆಮನೆಗೆ ಬಾಗಿಲೇ ಇಲ್ಲವೆಂದು ಕಂಡ ದಿನ ನಿಮಗಾದ ಪೇಚಾಟ ನನಗೆ ನೆನಪಿದೆ. ಮರೆಯಲ್ಲಿ ನಿಲ್ಲಲು ಜಾಗ ಸಿಗದೆ ಕೊನೆಗೆ ಫ್ರಿಜ್ಜನ್ನು ಆರಿಸಿಕೊಂಡಿರಿ. ಶನಿವಾರ ಸುಮಾ ಆಸ್ಪತ್ರೆಯ ಲ್ಯಾಬಿಗೆ ಡ್ಯೂಟಿಗೆ ಹೋದಳೆಂದರೆ ನೀವು ಫ್ರಿಜ್ಜಿಗೆ ಹೇಳುತ್ತಿದ್ದಿರಿ, "ಸಾರು ಆರೋಗತ್ತೆ. ಊಟಕ್ಕೆ ಬರೋರು ಬರಬಹುದು." ನಾನೂ ಫ್ರಿಜ್ಜಿಗೇ "ಬಂದೆ" ಅನ್ನುತ್ತಿದ್ದೆ. ನಮ್ಮಿಬ್ಬರ ಮಾತು ಕೇಳಿ ಕೇಳಿ ಅದು ಆ ವರ್ಷವೇ ಕೆಟ್ಟುಹೋಯಿತು.

ಡೆಟ್ರಾಯಿಟ್ ಏರ್‌ಪೋರ್ಟಿನಲ್ಲಿ ನೀವು ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಇಳಿದ ದಿನ ನನಗೆ ಕೆಲಸ ಹೋಗಿ ಆರು ವಾರವಾಗಿತ್ತು. ಡಿಯರ್‌ಬಾರ್ನ್ ಸುತ್ತಮುತ್ತ ಕಾರು ಕಂಪನಿಗಳನ್ನೇ ನಂಬಿಕೊಂಡಿದ್ದ ನೂರೆಂಟು ಸಣ್ಣ ಆಫೀಸುಗಳಲ್ಲಿ ನಮ್ಮದೂ ಒಂದು. ರಿಸೆಶನ್ ಬಂತು, ಕಾರು ಕೊಳ್ಳುವವರಿಲ್ಲ, ಕಾರಿನ ಸೀಟು ಡಿಸೈನ್ ಮಾಡುವ ನಾನು ಯಾರಿಗೆ ಬೇಕು? ಆದರೆ ನೀವು ಮೈಸೂರಿನಲ್ಲಿ ಸಂಗೀತ ಪಾಠಕ್ಕೆ ಬಂದವರಿಗೆಲ್ಲ "ನಮ್ಮ ಕಿರಿಯ ಅಳಿಯಂದಿರು ಮಾಡಿದ ಸೀಟಿನ ಮೇಲೆ ಅರ್ಧ ಅಮೆರಿಕ ಕೂತಿದೆ" ಎಂದು ಹೇಳಿಕೊಂಡಿದ್ದಿರಿ. ಅಂಥ ಅತ್ತೆಗೆ ಯಾವ ಬಾಯಲ್ಲಿ ಹೇಳಲಿ? ನಾಚಿಕೆಯಾಗಿತ್ತು ಅತ್ತೆ, ಬೇರೇನೂ ಅಲ್ಲ. "ಅಮ್ಮ ವಾಪಸ್ ಹೋಗೋವರೆಗೂ ಬಾಯಿ ಬಿಡಬೇಡ" ಎಂದು ಸುಮಾಳಿಂದ ಮಾತು ತೆಗೆದುಕೊಂಡೆ. ಅವಳು ಹಣೆ ಚಚ್ಚಿಕೊಂಡು ಒಪ್ಪಿದಳು.

ದಿನಾ ಬೆಳಗ್ಗೆ ಎಂಟಕ್ಕೆ ಟೈ ಕಟ್ಟಿಕೊಂಡು, ನೀವು ಫ್ರಿಜ್ಜಿನ ಪಕ್ಕ ಇಟ್ಟ ಊಟದ ಡಬ್ಬಿ ಎತ್ತಿಕೊಂಡು ಹೊರಡುತ್ತಿದ್ದೆ. ಲೈಬ್ರರಿಯಲ್ಲಿ ಕೂತು ಮಧ್ಯಾಹ್ನದವರೆಗೆ ಕೆಲಸಕ್ಕೆ ಅಪ್ಲೈ ಮಾಡುವುದು, ಆಮೇಲೆ ಎಲ್ಲಿ ಹೋಗುವುದು? ಹಾಗೆ ಅಲೆಯುವಾಗ ಕಂಡದ್ದು ಆ ಕಂಟ್ರಿ ಮ್ಯೂಸಿಕ್ ಮ್ಯೂಸಿಯಂ. ಹಿಂದೆಂದೋ ದಕ್ಷಿಣದ ಗುಡ್ಡಗಾಡಿನಿಂದ ಕಾರ್ಖಾನೆ ಕೆಲಸಕ್ಕೆ ಬಂದ ಜನ ಗಿಟಾರು, ಪಿಟೀಲುಗಳನ್ನೂ ಹೊತ್ತು ತಂದಿದ್ದರಂತೆ. ಅವರ ಮಕ್ಕಳೆಲ್ಲ ಸೇರಿ ಒಂದು ಹಳೆಯ ಚರ್ಚಿನಲ್ಲಿ ಅದನ್ನೆಲ್ಲ ಜೋಡಿಸಿಟ್ಟಿದ್ದರು. ಗಾಜಿನ ಪೆಟ್ಟಿಗೆಗಳಲ್ಲಿ ಬೂಟು, ಹ್ಯಾಟು, ಮಿಣಮಿಣ ಕೋಟು. ಬುಧವಾರ ಎರಡು ಗಂಟೆಗೆ ಎಲ್ಲರಿಗೂ ಪುಕ್ಕಟೆ ಕಾರ್ಯಕ್ರಮ: ಒಂದು ವಾರ ಹಾಡು, ಇನ್ನೊಂದು ವಾರ ಹಳೆಯ ಕಲಾವಿದರ ಜೊತೆ ಮಾತುಕತೆ. ಅದನ್ನು ನಡೆಸುತ್ತಿದ್ದ ಮಾರ್ಜ್ ಎಂಬ ಎಪ್ಪತ್ತು ದಾಟಿದ ಹೆಂಗಸು ನನ್ನ ಟೈ ನೋಡಿ ಮೊದಲು ನನ್ನನ್ನು ಮ್ಯೂಸಿಯಂ ಮುಚ್ಚಿಸಲು ಬಂದ ಅಧಿಕಾರಿ ಎಂದುಕೊಂಡಳು. ಅಲ್ಲವೆಂದು ಗೊತ್ತಾದ ಕೂಡಲೇ ಮಡಿಸುವ ಕುರ್ಚಿಗಳನ್ನು ತೋರಿಸಿ, "ಹಾಗಾದರೆ ಇವನ್ನು ಬಿಡಿಸು" ಅಂದಳು. ಅಲ್ಲಿಂದ ಪ್ರತಿ ಬುಧವಾರ ಅರವತ್ತು ಕುರ್ಚಿ ನನ್ನ ಪಾಲಿಗೆ.

ಆ ದಿನ ಎರಡೂ ಕೈಯಲ್ಲಿ ಎರಡೆರಡು ಕುರ್ಚಿ ಹಿಡಿದು ಬಾಗಿಲ ಹತ್ತಿರ ಬಂದರೆ, ಎದುರಿಗೆ ಬಿಳಿ ವ್ಯಾನ್. ಕನ್ನಡ ಸಂಘದ ಹಿರಿಯರ ಬಳಗ ಪ್ರವಾಸ ಬಂದಿತ್ತು. ಮಫ್ಲರ್ ಸುತ್ತಿದ ಅಂಕಲ್‌ಗಳು, ರೇಷ್ಮೆ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿದ ಆಂಟಿಗಳು ಒಬ್ಬೊಬ್ಬರಾಗಿ ಇಳಿದರು. ಕೊನೆಗೆ ಇಳಿದವರು ನೀವು. ಬಚ್ಚಿಟ್ಟುಕೊಳ್ಳೋಣವೆಂದರೆ ಕುರ್ಚಿ ಅಡ್ಡ. ಹುಬ್ಬಳ್ಳಿಯ ನೀಲಮ್ಮ ಆಂಟಿ ಕಣ್ಣು ಕಿರಿದು ಮಾಡಿ, "ಏನ್ರೀ ಶಾರದಮ್ಮಾರ, ಇವ್ರು ನಿಮ್ಮ ಅಳಿಯಾರಲ್ಲೇನು? ಇಲ್ಲ್ಯಾಕ ಕುರ್ಚಿ ಹೊರಾಕತ್ತಾರ?" ಎಂದು ಕೇಳಿದರು. ಇಡೀ ವ್ಯಾನು ನನ್ನ ಕಡೆ ತಿರುಗಿತು. ಡೆಟ್ರಾಯಿಟಿನ ಅಷ್ಟೂ ಕನ್ನಡದ ಮನೆಗಳಿಗೆ ಸಂಜೆಯೊಳಗೆ ಸುದ್ದಿ ಮುಟ್ಟುವುದು ಖಾತ್ರಿಯಾಗಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ನೀವು ಸೆರಗು ಸರಿಮಾಡಿಕೊಂಡಿರಿ. ರೆಪ್ಪೆ ಕೂಡ ಅಲುಗಿಸಲಿಲ್ಲ. "ಹೌದು, ನಮ್ಮ ಅಳಿಯಂದಿರೇ. ಅವ್ರ ಆಫೀಸಿಂದ ಕಳಿಸಿದಾರೆ. ಸೀಟು ಪರೀಕ್ಷೆ ಮಾಡೋದು ಅವ್ರ ಕೆಲಸ ಅಲ್ವಾ? ಜನ ಎರಡು ಗಂಟೆ ಕೂತರೆ ಸೊಂಟ ಏನಾಗತ್ತೆ ಅಂತ ನೋಡ್ಬೇಕಂತೆ."

ಆಮೇಲೆ ಆದದ್ದು ನಿಮಗೇ ಗೊತ್ತು. ಹನ್ನೆರಡು ಜನ ಹಿರಿಯರೂ ಕಾರ್ಯಕ್ರಮದುದ್ದಕ್ಕೂ ಒಬ್ಬರಾದ ಮೇಲೊಬ್ಬರು ನನ್ನನ್ನು ಕರೆದು ಸೊಂಟದ ವರದಿ ಕೊಟ್ಟರು. ರಾಮರಾವ್ ಅಂಕಲ್ ಎಡಗಡೆಯ ನೋವು, ಬಲಗಡೆಯ ನೋವು ಬೇರೆ ಬೇರೆ ಹೇಳಿ, "ಬರ್ಕೊಳ್ರೀ" ಎಂದು ಗದರಿದರು. ಬರೆದುಕೊಂಡೆ. ಐದು ತಿಂಗಳಲ್ಲಿ ನಾನು ಮಾಡಿದ ಮೊದಲ ಇಂಜಿನಿಯರಿಂಗ್ ಕೆಲಸ ಅದು.

ಅಷ್ಟಕ್ಕೇ ನಿಲ್ಲಿಸಿದಿರಾ? ವೇದಿಕೆಯ ಮೇಲೆ ಎಂಬತ್ತರ ವರ್ನನ್ ತಾತ ನಿಂತುಕೊಂಡು ಪಿಟೀಲು ಶ್ರುತಿ ಮಾಡುತ್ತಿದ್ದುದು ನಿಮ್ಮ ಕಣ್ಣಿಗೆ ಬಿತ್ತು. ನಲವತ್ತು ವರ್ಷ ಪಾಠ ಹೇಳಿದವರಿಗೆ ತಡೆಯಲಾಗಲಿಲ್ಲ. "ಪಾಪ, ವಿದ್ವಾಂಸರಿಗೆ ಒಂದು ಜಮಖಾನ ಹಾಸೋರು ಗತಿ ಇಲ್ವಾ?" ಎಂದು ವ್ಯಾನಿನಲ್ಲಿ ಊಟಕ್ಕೆಂದು ತಂದಿದ್ದ ಜಮಖಾನವನ್ನು ತರಿಸಿ ನೀವೇ ವೇದಿಕೆಗೆ ಹಾಸಿದಿರಿ. ಅದೂ ಕಾರ್ಯಕ್ರಮದ ಭಾಗವೆಂದುಕೊಂಡು ಮಾರ್ಜ್ ಚಪ್ಪಾಳೆ ತಟ್ಟಿದಳು. ಹೆಂಗಸರ ಮಾತು ಮೀರಬಾರದೆಂದು ವರ್ನನ್ ಹ್ಯಾಟು ತೆಗೆದು, ಬೂಟು ಬಿಚ್ಚಿ, ಮೂರು ಕಂತಿನಲ್ಲಿ ಕೆಳಗೆ ಕೂತ. ಚೆನ್ನಾಗಿಯೇ ನುಡಿಸಿದ. ನೀವು ಮೊದಲ ಸಾಲಿನಲ್ಲಿ ತೊಡೆ ತಟ್ಟಿ ತಾಳ ಹಾಕಿದಿರಿ. ಅವನು ಒಂದು ಕಡೆ ತಾಳ ಬಿಟ್ಟು ಓಡಿದಾಗ ಕೈ ಎತ್ತಿ ಹಿಡಿದು ನಿಲ್ಲಿಸಿದಿರಿ. ತೊಂದರೆ ಬಂದದ್ದು ಕೊನೆಯಲ್ಲಿ. ಎರಡೂ ಮಂಡಿಗೆ ಆಪರೇಷನ್ ಆದವನು, ಏಳಲಾಗಲಿಲ್ಲ. ಅವನನ್ನು ಹೇಗೆ ಎತ್ತುವುದೆಂದು ಮಾರ್ಜ್ ಮತ್ತು ನಮ್ಮ ಮೂವರು ಡಾಕ್ಟರ್ ಅಂಕಲ್‌ಗಳು ಚರ್ಚೆ ಮಾಡುತ್ತಿದ್ದರೆ, ನೀವು ಮಾತ್ರ, "ಇನ್ನೂ ಮಂಗಳ ಆಗಿಲ್ಲ, ಅದಕ್ಕೇ ಕೂತಿದಾರೆ" ಎಂದು ನಮಗೆಲ್ಲ ತಿಳಿಹೇಳಿ, ಕೈಮುಗಿದು ಮಂಗಳ ಹಾಡಿದಿರಿ. ವರ್ನನ್ ಎರಡನೇ ಸಾಲಿಗೆ ಶ್ರುತಿ ಹಿಡಿದ, ಮೂರನೆಯದಕ್ಕೆ ಹಿಂದೆಯೇ ಬಂದ. ಸಭೆ ಎದ್ದು ನಿಂತಿತು. ಆಮೇಲೆ ಅವನನ್ನು ಜಮಖಾನದ ಸಮೇತ ಎತ್ತಿ ಕುರ್ಚಿಯಲ್ಲಿ ಕೂರಿಸಿದೆವು.

ಎಲ್ಲರೂ ವ್ಯಾನ್ ಹತ್ತುವಾಗ ನೀವು ಹಿಂದೆ ಉಳಿದಿರಿ. ಅಲ್ಲಿ ಸುಮಾ ಇರಲಿಲ್ಲ, ಫ್ರಿಜ್ಜೂ ಇರಲಿಲ್ಲ. ಮೊದಲ ಸಲ ನನ್ನ ಮುಖ ನೋಡಿ ಕೇಳಿದಿರಿ, "ಎಷ್ಟು ದಿನ ಆಯ್ತು?"

"ಐದು ತಿಂಗಳು ಅತ್ತೆ."

"ಸುಮಾಗೆ ಗೊತ್ತಾ?"

"ಗೊತ್ತು. ನಿಮಗೆ ಹೇಳ್ಬೇಡ ಅಂದಿದ್ದೆ."

"ಹಾಗಾದ್ರೆ ನನಗೆ ಗೊತ್ತಾಯ್ತು ಅಂತ ಅವಳಿಗೆ ಹೇಳೋದು ಬೇಡ. ಬೇಜಾರ್ ಮಾಡ್ಕೋತಾಳೆ. ನಾಳೆಯಿಂದ ಟೈ ಕಟ್ಟೋದೂ ಬೇಡ, ಕತ್ತು ಕೆಂಪಗಾಗಿದೆ."

ಅಲ್ಲಿಂದ ಮುಂದಿನ ಎರಡು ತಿಂಗಳು ನನ್ನ ಬದುಕಿನಲ್ಲಿ ಕೆಲಸವಿಲ್ಲದ ದಿನಗಳಾದರೂ ಒಳ್ಳೆಯ ದಿನಗಳು. ಬುಧವಾರ ನಿಮ್ಮನ್ನು ಕರೆದುಕೊಂಡು ನಾನೇ ಡ್ರೈವ್ ಮಾಡುತ್ತಿದ್ದೆ. ಹಿಂದಿನ ಸೀಟಿನಲ್ಲಿ ಕೂತು ನೀವು ಹೇಳದ ವಿಷಯವಿಲ್ಲ: ಮಾವನವರಿಗೆ ಒಮ್ಮೆ ಕೆಲಸ ಹೋದದ್ದು, ಅವರು ಎಂಟು ತಿಂಗಳು ದಿನಾ ಛತ್ರಿ ಹಿಡಿದು ಕೆರೆ ಸುತ್ತಿ ಬರುತ್ತಿದ್ದದ್ದು, ನೀವು ತಿಳಿಯದವರಂತೆ ಡಬ್ಬಿ ಕಟ್ಟಿಕೊಟ್ಟದ್ದು... ಆ ಮಾತು ಅಲ್ಲಿಗೇ ನಿಲ್ಲಿಸಿ, "ಎಕ್ಸಿಟ್ ಬಂತು ನೋಡಿ" ಅಂದಿರಿ.

ನೀವು ಮೈಸೂರಿಗೆ ವಾಪಸು ಹೋದ ಮರುವರ್ಷ ಆ ಫೋನ್ ಬಂತು. ಸುಮಾ ಒಬ್ಬಳೇ ಹೊರಟಳು. ನನಗೆ ಅದೇ ವಾರ ಒಂದು ಇಂಟರ್‌ವ್ಯೂ ಇತ್ತು. ಆ ಕೆಲಸವೂ ಸಿಗಲಿಲ್ಲ, ನಿಮ್ಮ ಮುಖವನ್ನು ಕೊನೆಯ ಸಲ ನೋಡಲೂ ಆಗಲಿಲ್ಲ. ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕಳೆದ ತಿಂಗಳು ನಿಮ್ಮ ವರ್ಷದ ಕಾರ್ಯ ಮುಗಿದ ಮೇಲೆ ಸುಮಾಳ ಎದುರು ಎಲ್ಲ ಒಪ್ಪಿಕೊಂಡೆ: ವ್ಯಾನು, ಕುರ್ಚಿ, ನಿಮಗೆ ಗೊತ್ತಾದದ್ದು. ಅವಳು ನನ್ನನ್ನೇ ನೋಡಿದಳು. "ರೀ, ಅಮ್ಮನಿಗೆ ಫ್ಲೈಟ್ ಹತ್ತೋ ಮೊದಲೇ ನಾನೇ ಹೇಳಿದ್ದೆ. ನಿಮ್ಮ ಡಬ್ಬಿ ಬ್ಯಾಗಲ್ಲಿ ಆ ಮ್ಯೂಸಿಯಂನ ಬುಧವಾರದ ಕಾರ್ಯಕ್ರಮದ ಚೀಟಿ ಸಿಕ್ಕಿದ್ದೂ ಅವ್ರಿಗೇ. ಅಲ್ಲಿಗೇ ಹೋಗೋಣ ಅಂತ ವ್ಯಾನ್‌ನೋರ ಹತ್ರ ಹಟ ಹಿಡಿದ್ರು."

ಹಾಗಾದರೆ, ಅತ್ತೆ, ಆ "ಎಷ್ಟು ದಿನ ಆಯ್ತು" ಎಂಬುದು ನಟನೆಯೇ? ಸೀಟು ಪರೀಕ್ಷೆಯ ಸುಳ್ಳನ್ನು ಎಷ್ಟು ದಿನದಿಂದ ತಯಾರು ಮಾಡಿಟ್ಟಿದ್ದಿರಿ? ನನ್ನನ್ನು ಒಬ್ಬನೇ ಬಿಡಬಾರದೆಂದೇ ಅಷ್ಟು ಜನರನ್ನು ಕಟ್ಟಿಕೊಂಡು ಅಲ್ಲಿಗೆ... ಹೋಗಲಿ, ನೀವು ಉತ್ತರ ಕೊಡುವವರಲ್ಲ.

ಈಗ ಬರೆಯಲು ಕೂತ ಕಾರಣ ಹೇಳುತ್ತೇನೆ. ಹತ್ತು ನಿಮಿಷದ ಹಿಂದೆ ಷಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನಿಂದ ಫೋನ್ ಬಂತು. ಫೋರ್ಕ್‌ಲಿಫ್ಟಿನ ಸೀಟು ಮಾಡುವ ಕಂಪನಿ. ಕೆಲಸ ಕೊಟ್ಟಿದ್ದಾರೆ, ಸೋಮವಾರದಿಂದ. ಸುಮಾ ಡ್ಯೂಟಿಯಲ್ಲಿದ್ದಾಳೆ, ನಾಲ್ಕಕ್ಕೆ ಬರುತ್ತಾಳೆ. ಈಗ ಎರಡೂವರೆ. ಕೆಲಸ ಹೋದದ್ದು ಊರಿಗೆಲ್ಲ ತಿಳಿದರೂ ನಿಮಗೊಬ್ಬರಿಗೆ ತಿಳಿಯಬಾರದೆಂದು ಮುಚ್ಚಿಟ್ಟವನು ನಾನು. ಸಿಕ್ಕಿದ್ದನ್ನು ಇನ್ನೂ ಯಾರಿಗೂ ಹೇಳಿಲ್ಲ. ಅವಳು ಬಂದು ಬೂಟು ಬಿಚ್ಚುವಾಗ ಹೇಳುತ್ತೇನೆ. "ಮೊದಲು ಅಮ್ಮನಿಗೆ ಹೇಳ್ಬೇಕಿತ್ತು" ಎಂದು ಅವಳು ಅತ್ತರೆ, ಅಮ್ಮನಿಗೆ ಆಗಲೇ ಗೊತ್ತು ಅನ್ನುತ್ತೇನೆ.