ಅವ್ವ ಇರುವ ಹೊಲಕ್ಕೆ ನೀರು

ಚಿತ್ರದುರ್ಗ

ಅಪ್ಪಾಜಿಗೆ ದಿವ್ಯಾಳ ನಮಸ್ಕಾರಗಳು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನೀರಾವರಿ ಕಚೇರಿಯಲ್ಲಿ ನಾನು ಮಾಡುತ್ತಿದ್ದ ನಮ್ಮ ಹಳ್ಳದ ಜಲಾಶಯದ ಲೆಕ್ಕ ಮುಗಿಯಿತು. ಕೊನೆಯ ವರ್ಷದಿಂದ ಒಂದೊಂದೇ ವರ್ಷ ಹಿಂದಕ್ಕೆ ಬರುತ್ತಾ, ಒಡ್ಡನ್ನು ಯಾವಾಗ ಎಷ್ಟು ಎತ್ತರಿಸಿದರೆ ಒಟ್ಟು ಖರ್ಚು ಕಡಿಮೆ ಎಂದು ಕಂಪ್ಯೂಟರಿನಲ್ಲಿ ಹುಡುಕುವ ಲೆಕ್ಕ ಅದು. ಹಂತ ಹಂತವಾಗಿ ಕಟ್ಟಿದ್ದರೆ ನೀರು ನಮ್ಮ ಹೊಲ ಮುಟ್ಟಲು ಹತ್ತು ವರ್ಷ ಹಿಡಿಯುತ್ತಿತ್ತು. ಆದರೆ ಪೂರ್ತಿ ಈಗಲೇ ಎತ್ತರಿಸುವುದು ಅಗ್ಗ ಎಂದು ಬಂದಿದೆ. ಮುಂದಿನ ಮಳೆಗಾಲಕ್ಕೆ ಬದುವಿನ ಮೇಲಿರುವ ಅವ್ವನ ಸಮಾಧಿ ಮುಳುಗುತ್ತದೆ.

ಮತ್ತೆ ಮತ್ತೆ ಮಾಡಿ ನೋಡಿದೆ. ಲೆಕ್ಕ ತಪ್ಪಿಲ್ಲ. ನಿಧಾನವಾಗಿ ಕಟ್ಟೋಣ ಎಂದು ನಮ್ಮ ಸಾಹೇಬರನ್ನು ಕೇಳಿದೆ.

"ಖರ್ಚು ಜಾಸ್ತಿ ಆಗ್ತೈತಲ್ಲಮ್ಮ. ಜನರ ಪರಿಹಾರ ಲೆಕ್ಕದಾಗೆ ಆಗಲೇ ಸೇರೈತೆ. ಇನ್ನೇನಾರ ಬಿಟ್ಟೋಗಿದ್ರೆ ಹೇಳು, ಸೇರಿಸಾಣ," ಅಂದರು.

ಅವರು ಒಳ್ಳೆಯವರು, ನಿಜವಾಗಿಯೇ ಕೇಳಿದರು. ಆದರೆ ಅವ್ವನ ಹೆಸರಿನ ಮುಂದೆ ಎಷ್ಟು ರೂಪಾಯಿ ಎಂದು ಬರೆಯಲಿ? ಏನೂ ಇಲ್ಲ ಸಾರ್ ಎಂದು ಹೇಳಿ ಬಂದೆ. ಈ ನೀರಿಗೆ ಧರ್ಮಪುರದ ಕಡೆಯ ಜನ ಕಾಯುತ್ತಿದ್ದಾರೆ, ಅದೂ ಸುಳ್ಳಲ್ಲ.

ಸರ್ವೆಯವರು ಬಂದಾಗ ಜಗಳ ಆಡಬೇಡಿ. ಹೊಳಲ್ಕೆರೆಯ ಅತ್ತೆ ತಮ್ಮ ತೋಟದಲ್ಲಿ ಅವ್ವನಿಗೆ ಜಾಗ ಕೊಡುತ್ತಾರಂತೆ, ಮಾತಾಡಿದ್ದೇನೆ. ಸಮಾಧಿ ತೆಗೆಯಲು ಯಾವ ದಿನ ಆಗಬಹುದು ಎಂದು ಮಠದಲ್ಲಿ ವಿಚಾರಿಸಿ. ನನ್ನ ತಮ್ಮ ಶರಣ್‌ಗೆ ಪರೀಕ್ಷೆ ಮುಗಿಯುವವರೆಗೆ ಹೇಳುವುದು ಬೇಡ.

ನಾನು ಬರುವ ಮುಂಚೆ ನೀವೊಬ್ಬರೇ ಅಗೆಯಬೇಡಿ, ಅಪ್ಪಾಜಿ. ಮೊದಲ ಗುದ್ದಲಿ ನಾನೇ ಹಾಕುತ್ತೇನೆ.

ನಿಮ್ಮ ಮಗಳು
ದಿವ್ಯಾ