ಅಪ್ಪ ಪಾಠ ಮಾಡುತ್ತಿದ್ದ ಕೋಣೆ

ಅಪ್ಪಾ,

ಇವತ್ತು ಶಾಲೆಯಲ್ಲಿ ಮುಂದಿನ ವರ್ಷಕ್ಕೆ ಉನ್ನತ ಮಟ್ಟದ ವಿಷಯಗಳನ್ನು ಆರಿಸಿಕೊಳ್ಳುವ ದಿನ. ಹೋದ ವರ್ಷ ನಿನ್ನ ಗಣಿತ ಬಿಟ್ಟು ಜೀವಶಾಸ್ತ್ರ ತಗೊಂಡಾಗ, "ಮನೇಲೂ ಅಪ್ಪ, ಕ್ಲಾಸಲ್ಲೂ ಅಪ್ಪ, ನನ್ನ ಕೈಲಾಗಲ್ಲ" ಅಂದಿದ್ದೆ. ನೀನು "ಬದುಕಿದೆಯಾ ಬಡಜೀವವೇ" ಅಂತ ನಕ್ಕೆ. ಆಮೇಲೆ ಆ ಮಾತೇ ಎತ್ತಲಿಲ್ಲ.

ನೀನು ತೀರಿಕೊಂಡ ಮೇಲೆ ನಿನ್ನ ಜಾಗಕ್ಕೆ ಬಂದ ಮೇಡಂ ನಿನ್ನ ಹತ್ತಿರವೇ ಕಲಿತವರಂತೆ. ವಿಷಯ ಆರಿಸುವವರಿಗಾಗಿ ಅವರು ಇವತ್ತು ಮಾಡಿದ ಮಾದರಿ ಪಾಠಕ್ಕೆ ಸುಮ್ಮನೆ ಹೋಗಿ ಕೂತೆ. ಲೆಕ್ಕ ಮುಗಿಸಿದವರು ಬೋರ್ಡಿಗೆ ಒರಗಿ, ತಲೆ ವಾಲಿಸಿ, ರಾಗವಾಗಿ ಕೇಳಿದರು: "ಯಾರ ತಲೆ ಮೇಲೆ ಹಾರಿ ಹೋಯ್ತಪ್ಪಾ ಇದು?"

ಪಕ್ಕದ ಹುಡುಗಿ ಕಣ್ಣೊರೆಸಿಕೊಂಡು, "ಥೇಟ್ ನಿಮ್ಮಪ್ಪನ ಥರಾನೇ ಅಲ್ವೇನೇ?" ಅಂದಳು.

ಹೌದೆಂದು ತಲೆಯಾಡಿಸಿದೆ. ನನಗೇನು ಗೊತ್ತು? ಅಲ್ಲಿದ್ದವರಲ್ಲಿ ನಿನ್ನ ಪಾಠ ಕೇಳದವಳು ನಾನೊಬ್ಬಳೇ.

ಮೇಡಂ ಇನ್ನೊಮ್ಮೆ ಅದನ್ನೇ ಕೇಳಿದರು. ನನ್ನ ಕೈ ತಾನಾಗಿ ಮೇಲೆದ್ದಿತು.

ಸಂಜೆ ಅಮ್ಮ ಗಾಬರಿಯಾದಳು. "ಗಣಿತ ಅಂದ್ರೆ ಮೂಗು ಮುರೀತಿದ್ದೆ, ಈಗ ಉನ್ನತ ಗಣಿತವಾ? ಫೇಲಾದ್ರೆ?"

"ಆದ್ರೆ ಮತ್ತೊಂದು ವರ್ಷ ಅಲ್ಲೇ ಕೂರ್ತೀನಮ್ಮ" ಅಂದೆ.

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ವಿಷಯದ ಅರ್ಜಿಗೆ ಸಹಿ ಹಾಕಿದಳು.

ಮೊದಲ ಸಾಲಿನಲ್ಲೇ ಜಾಗ ಹಿಡಿಯುತ್ತೇನಪ್ಪಾ. ಅಲ್ಲಿ ಚೆನ್ನಾಗಿ ಕೇಳಿಸುತ್ತದಂತೆ.