ಕಿಟಕಿಯಲ್ಲಿನ ನೀಲಿ ಮಗ್

ರೇನರ್ಸ್ ಲೇನ್, ಲಂಡನ್
೨೮ ಏಪ್ರಿಲ್ ೧೯೯೪

ನನ್ನ ಬಂಗಾರದಂಥ ನೇತ್ರಾ,

ಫೋನ್ ಮಾಡಿದರೆ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಹರಿಯಬೇಡ! ನಾಟಕ ಕಂಪನಿ ನಡೆಸಿದವನ ಮಗಳು ನಾನು. ಕೊನೆಯ ಅಂಕಕ್ಕೆ ಮೊದಲೇ ಎದ್ದುಹೋಗುವವರನ್ನು ಸಹಿಸುವುದಿಲ್ಲ.

ದೀಪಾವಳಿಯಂದು ನೀನು ನಮ್ಮ ಅಡುಗೆಮನೆ ಕಿಟಕಿಯ ನೀಲಿ ಮಗ್ಗನ್ನು ಎತ್ತಿ ಹಿಡಿದು, ಇಂಗ್ಲಿಷಿನಲ್ಲಿ ಗುಡುಗಿದೆ. ಕರಿಯರಿಗೆ ಬೇರೆ ಬೆಂಚು, ಬೇರೆ ಬಾಗಿಲು ಇಟ್ಟ ದಕ್ಷಿಣ ಆಫ್ರಿಕದ ಸರಕಾರದೊಡನೆ ಹೋರಾಡಿ, ಜೈಲು ಕಂಡು, ಮೂವತ್ತು ವರ್ಷ ದೇಶ ಬಿಟ್ಟಿರುವ ಪಕ್ಕದ ಮನೆಯ ನೋಮ್ಸಾಗೆ ನಮ್ಮಲ್ಲೂ ಬೇರೆ ಮಗ್ಗೇ ಅಂತ ಕೇಳಿದೆ. ಅದು ಆಕೆಗೆ ಕೊಡುವ ಮರ್ಯಾದೆ ಎಂದೆ ನಾನು. ಬಾಗಿಲು ಬಡಿದು ಹೋದವಳು ನೀನು, ಆರು ತಿಂಗಳಾದರೂ ಬರಲಿಲ್ಲ.

ಸುಳ್ಳು ಹೇಳಿದ್ದೆ, ಮಗಳೇ. ಧಾರವಾಡದಲ್ಲಿ ನಿಮ್ಮಜ್ಜಿ ಕೆಲವರ ಲೋಟಗಳನ್ನು ಹಿತ್ತಿಲ ಗೂಡಿನಲ್ಲಿಡುತ್ತಿದ್ದಳು. ಆ ಗೂಡನ್ನೇ ನಾನು ವಿಮಾನ ಹತ್ತಿಸಿಕೊಂಡು ಬಂದೆ.

ಮೊನ್ನೆ ಮಂಗಳವಾರ ನೋಮ್ಸಾ ಅರವತ್ತೆರಡನೇ ವಯಸ್ಸಿನಲ್ಲಿ ತನ್ನ ದೇಶದ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಿದಳು. ಆಕೆಗೆ ಮೊಣಕಾಲು ನೋವು. ಟ್ರಫಾಲ್ಗರ್ ಚೌಕದಲ್ಲಿ ಅವರ ರಾಯಭಾರ ಕಚೇರಿಯ ಮುಂದಿನ ಆ ಉದ್ದ ಸಾಲಿನಲ್ಲಿ ತೋಳು ಹಿಡಿದು ನಿಂತೆ. ಚಹಾಕ್ಕೆಂದು ಫ್ಲಾಸ್ಕ್ ತೆಗೆದರೆ, ಚೀಲದಿಂದ ಏನು ಬಂತು ಗೊತ್ತೇ? ನನಗೆ ಸ್ಟೀಲ್ ಲೋಟ. ಆಕೆಗೆ, ಬೇರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನೀಲಿ ಮಗ್! ರೂಢಿಯ ಕೈ ತಾನಾಗಿ ಕಟ್ಟಿತ್ತು. ನೋಮ್ಸಾ ಅದನ್ನು ಎತ್ತಿ ಹಿಡಿದು, ನೋಡಿರಿ, ಈಕೆಯ ಮನೆಯಲ್ಲಿ ಬೇರೆ ಯಾರೂ ಮುಟ್ಟದ ಮಗ್ ನನಗಿದೆ ಅಂತ ಸಾಲಿಗೆಲ್ಲ ಸಾರಿದಳು. ಜನ ಚಪ್ಪಾಳೆ ತಟ್ಟಿದರು. ನಿಮ್ಮಜ್ಜನ ಕಂಪನಿಯ ಯಾವ ಖಳನಿಗೂ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ನಾನು ತಲೆ ತಗ್ಗಿಸಿ ಆ ಮಗ್ಗಿಗೇ ಚಹಾ ಬಗ್ಗಿಸಿದೆ.

ಆಕೆ ಊರಿಗೆ ಹೊರಟಿದ್ದಾಳೆ. ಭಾನುವಾರ ನಮ್ಮಲ್ಲಿ ಊಟ. ಊಟಕ್ಕೆ ಕೂರುವ ಮೊದಲು ಆಕೆಗೆ ನಿಜ ಹೇಳಬೇಕು. ಒಬ್ಬಳೇ ನಿಂತು ಹೇಳುವ ಎದೆ ನನಗಿಲ್ಲ. ನಿಮ್ಮಪ್ಪ ದಿನಕ್ಕೆ ಹತ್ತು ಸಲ, "ನೇತ್ರಾ ಬರ್ತಾಳೋ ಇಲ್ಲೋ? ರೊಟ್ಟಿ ಹಿಟ್ಟು ಎಷ್ಟು ತರ್ಲಿ?" ಅಂತ ಪೀಡಿಸುತ್ತಾರೆ. ಬಾ, ನನ್ನವ್ವಾ.

ನೀನು ಬಯ್ದರೂ ನಿನ್ನವಳೇ ಆದ ಅವ್ವ,
ಗುರುದೇವಿ

ತಾ.ಕ.: ಭಾನುವಾರದವರೆಗೆ ತಡೆಯಲಾಗಲಿಲ್ಲ. ಲಕೋಟೆ ಅಂಟಿಸುವ ಮೊದಲೇ ಹೋಗಿ ನೋಮ್ಸಾಗೆ ಹೇಳಿಬಿಟ್ಟೆ. ಮೊದಲ ವಾರವೇ ಗೊತ್ತಾಗಿತ್ತಂತೆ! ಮತ್ತೆ ಸಾಲಿನಲ್ಲಿ ಹಾಗೇಕೆ ಸಾರಿದೆ ಅಂತ ನಾನು ಕೇಳಿದರೆ, "ಆಗಲಾದರೂ ನೀನು ಬಾಯಿ ಬಿಡುತ್ತೀಯೋ ನೋಡಿದೆ" ಎಂದಳು. ನಗಲಿಲ್ಲ. ಭಾನುವಾರ ಚಹಾ ಆಕೆಯೇ ಸೋಸುತ್ತಾಳಂತೆ: ಸ್ಟೀಲ್ ಲೋಟ ಆಕೆಗೆ, ನೀಲಿ ಮಗ್ ನನಗೆ. ಸಾಕ್ಷಿಗೆ ನೀನು ಬೇಕಂತೆ.